ಠೇವಣಿ ಇಟ್ಟವರಿಗೆ ಗಂಧದ ಹಾರ

ಸ್ನೇಹಿತರೇ, ಇದು ಇವತ್ತು ಬೆಳಿಗ್ಗೆ ಚಂದ್ರಾ ಲೇಔಟಿನ ಒಂದು ಬ್ಯಾಂಕಿನಲ್ಲಿ ನಡೆದದ್ದು. ಮೂಡಲಪಾಳ್ಯದ ನಮ್ಮ ಪಕ್ಕದ ಮನೆಯ ಜಯಮ್ಮನವರ ಜೊತೆ ಹೋಗಿದ್ದೆ. ಅವರ ಮಗನನ್ನು ಕೊಂದವನಿಗೆ ಶಿಕ್ಷೆ ವಿಧಿಸಿದ ಕೋರ್ಟು, ತಾಯಿಗೆ ಪರಿಹಾರ ಕೊಡಲು ಆದೇಶಿಸಿತ್ತು. ಹಣ ಖಾತೆಗೆ ಬಂದು ತಿಂಗಳುಗಳಾದರೂ ಅವರು ಮುಟ್ಟಿರಲಿಲ್ಲ.

"ಮಗ ಹೋದ್ರೂ ದುಡ್ಡು ಬಂತಲ್ಲ ಅಂತ ಬೀದೀಲಿ ಆಗ್ಲೇ ಆಡ್ಕೊಳ್ತಾ ಇದಾರೆ. ಯಾರಿಗೂ ಗೊತ್ತಾಗದ ಹಂಗೆ ಮೊಮ್ಮಗಳ ಹೆಸರಿಗೆ ಇಟ್ಬಿಡ್ಬೇಕು" ಅಂದಿದ್ದರು.

ಠೇವಣಿಯ ಕೆಲಸ ಮುಗಿಯಿತು. ಅಷ್ಟರಲ್ಲಿ ಯುವ ಅಧಿಕಾರಿಯೊಬ್ಬರು ಗಂಧದ ಹಾರ ಹಿಡಿದು ಬಂದರು. ದೊಡ್ಡ ಮೊತ್ತ ಇಟ್ಟವರಿಗೆ ಹಾರ ಹಾಕಿ, ಫೋಟೋ ತೆಗೆದು, ಗ್ರಾಹಕರ ವಾಟ್ಸಾಪ್ ಗ್ರೂಪಿಗೆ ಹಾಕುವುದು ಅಲ್ಲಿನ ಪದ್ಧತಿಯಂತೆ.

"ಕಂಗ್ರಾಟ್ಸ್ ಅಮ್ಮ! ಸ್ವಲ್ಪ ನಗಿ. ಸೈಟ್ ಮಾರಿದ್ರಾ?"

ಹಿಂದೆ ಕಾಯುತ್ತಿದ್ದ ಒಬ್ಬರು, "ಹಾಕಿಸ್ಕೊಳ್ಳಿ ಆಂಟಿ, ಲೋನ್ ಕಟ್ಟೋಕೆ ಬರೋ ನಮಗೆ ಟೀನೂ ಕೊಡಲ್ಲ" ಎಂದು ನಕ್ಕರು.

ಜಯಮ್ಮ ಮೆಲ್ಲಗೆ ಹೇಳಿದರು: "ಸೈಟಲ್ಲಪ್ಪ. ನನ್ ಮಗನ್ನ ಕೊಲೆ ಮಾಡಿದ್ರು. ಕೋರ್ಟಿಂದ ಬಂದಿರೋ ದುಡ್ಡಿದು. ಫೋಟೋ ಬೇಡ."

ಅಧಿಕಾರಿ ಫೋನ್ ಕೆಳಗಿಳಿಸಿದರು. "ಸಾರಿ ಅಮ್ಮ, ಗೊತ್ತಿರ್ಲಿಲ್ಲ" ಎಂದು ಹಾರವನ್ನು ಒಳಗಿಡಲು ಹೊರಟರು.

"ತಾಳಪ್ಪ, ಅದನ್ನ ಒಂದು ಕವರಲ್ಲಿ ಹಾಕ್ಕೊಡು. ಮನೇಲಿ ಅವನ ಫೋಟೋಗೆ ಹಾಕಿರೋದು ಹಳೇದಾಗಿದೆ."

ಕೊಟ್ಟರು. ಶಿಕ್ಷೆ ಕೊಂದವನಿಗೆ, ಹಣ ಮನೆಯವರಿಗೆ. ಇಡೀ ಪ್ರಕರಣದಲ್ಲಿ ಸತ್ತವನಿಗೆ ಅಂತ ಸಿಕ್ಕಿದ್ದು ಬ್ಯಾಂಕಿನ ಆ ಹಾರ ಒಂದೇ.