ನೋಡದೆ ಬರೆದ ನಾಡಿ

ನರ್ಸಿಂಗ್ ಶಾಲೆಗೆ ಸೇರಿದ ದಿನ ಅಬ್ಬಾ ಒಂದು ಕಾಗದಕ್ಕೆ ಸಹಿ ಹಾಕಿದರು. ಅವರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ, ಕಾಗದ ಇದ್ದುದು ಕನ್ನಡದಲ್ಲಿ. ಆಫೀಸಿನ ಗುಮಾಸ್ತ ಓದಿ ಹೇಳಿದ. ಹುಡುಗಿ ಹಿರಿಯರ ಮಾತು ಮೀರಬಾರದು. ಕೇಳದೆ ಊರಿಗೆ ಹೋಗಬಾರದು. ಕೋರ್ಸು ಮುಗಿಯುವವರೆಗೆ ಮದುವೆ ಮಾಡಬಾರದು. ನಡತೆ ಸರಿಯಿಲ್ಲವೆಂದು ಕಂಡರೆ ಯಾವಾಗ ಬೇಕಾದರೂ ಮನೆಗೆ ಕಳಿಸಲಾಗುವುದು, ಪಾಲಕರು ತಕರಾರು ಮಾಡುವಂತಿಲ್ಲ. ಅಬ್ಬಾ ಪ್ರತಿಯೊಂದಕ್ಕೂ "ಹೂನ್ರಿ" ಎಂದರು. ಕೊನೆಯದಕ್ಕೆ ಮಾತ್ರ ಒಂದು ಕ್ಷಣ ನನ್ನ ಮುಖ ನೋಡಿ ಆಮೇಲೆ ಅಂದರು.

ಗದಗ ಜಿಲ್ಲೆಯಾಗಿ ಆಗಿನ್ನೂ ಬಹಳ ವರ್ಷ ಆಗಿರಲಿಲ್ಲ. ಕಚೇರಿಗಳ ಬೋರ್ಡಿನ ಬಣ್ಣ ಹೊಸದಿತ್ತು. ಜಿಲ್ಲೆಯಾಯಿತು, ಇನ್ನು ಆಸ್ಪತ್ರೆಗಳಾಗುತ್ತವೆ, ನರ್ಸುಗಳು ಬೇಕಾಗುತ್ತಾರೆ ಎಂದು ಲಕ್ಷ್ಮೇಶ್ವರದಲ್ಲಿ ನಮ್ಮ ಹೊಲಿಗೆ ಅಂಗಡಿಗೆ ಬರುತ್ತಿದ್ದ ಮಾಸ್ತರರೊಬ್ಬರು ಅಬ್ಬಾಗೆ ಹೇಳಿದ್ದರು. ಮನೆಯಲ್ಲಿ ಚಾಚಾಗೆ ಇದು ಒಪ್ಪಿಗೆಯಿರಲಿಲ್ಲ. ಪರ ಗಂಡಸರ ಮೈ ಒರೆಸುವ ಕೆಲಸಕ್ಕೆ ನಮ್ಮ ಹುಡುಗಿಯನ್ನು ಕಳಿಸುವುದೇ ಎಂದು ಅವರು ಅಬ್ಬಾನೊಂದಿಗೆ ಮಾತು ಬಿಟ್ಟರು. ಒಂದೇ ಅಂಗಡಿಯಲ್ಲಿ ಎರಡು ಮಷೀನು ಹಾಕಿಕೊಂಡು ಅಣ್ಣ ತಮ್ಮ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಹೊಲಿಯುತ್ತಿದ್ದರು. ನನ್ನನ್ನು ಬಸ್ಸಿಗೆ ಹತ್ತಿಸುವಾಗ ಅಬ್ಬಾ ಹೇಳಿದ್ದು ಒಂದೇ ಮಾತು: ನಡುವೆ ವಾಪಸು ಬರುವಂತೆ ಮಾಡಿಕೊಳ್ಳಬೇಡ, ನಿನ್ನ ಚಾಚಾನ ಮುಂದೆ ನನಗೆ ಅಂಗಡಿಯಲ್ಲಿ ಕೂಡಲಾಗುವುದಿಲ್ಲ.

ಶಾಲೆಯ ಹೆಸರು ಬೇಡ. ಖಾಸಗಿ ಶಾಲೆ, ಅದಕ್ಕೆ ಹೊಂದಿಕೊಂಡೇ ಆಸ್ಪತ್ರೆ. ಮೊದಲ ದಿನ ಪ್ರಿನ್ಸಿಪಾಲ್ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ನಿಯಮ ಓದಿದರು. ಕೂದಲು ಕಾಲರಿಗೆ ತಾಗಬಾರದು. ಬಳೆ ಇಲ್ಲ, ಹೂವು ಇಲ್ಲ. ಬುರ್ಖಾ ಇದ್ದವರು ಹಾಸ್ಟೆಲ್ ಬಾಗಿಲಲ್ಲೇ ಮಡಚಿಡಬೇಕು. ಹಿರಿಯರು ಬಂದರೆ ಎದ್ದು ನಿಲ್ಲಬೇಕು. ಪ್ರಾಕ್ಟಿಕಲ್‌ನಲ್ಲಿ ಒಂದು ದಿನದ ಹಾಜರಿಯೂ ಕಡಿಮೆಯಾಗಬಾರದು. ಜ್ವರ ಬಂದು ಮಲಗಿದರೆ ಆ ದಿನವನ್ನು ಮುಂದೆ ದುಡಿದು ತುಂಬಿಕೊಡಬೇಕು. ರೋಗಿಯ ವಿಚಾರ ಏನೇ ಇದ್ದರೂ ವಾರ್ಡಿನ ಸಿಸ್ಟರ್‌ಗೆ ಹೇಳಬೇಕು, ಡಾಕ್ಟರ ಹತ್ತಿರ ನೇರವಾಗಿ ಹೋಗಬಾರದು. ಅಂಕ ಎಷ್ಟೇ ಬರಲಿ, ನಡತೆಯ ಷರಾ ಕೆಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ.

"ನೀವು ಶಾಣ್ಯಾತನ ತೋರಿಸಾಕ ಬಂದಿಲ್ಲ. ಹೇಳಿದ್ದು ಮಾಡಾಕ ಬಂದೀರಿ. ಇದು ತಲ್ಯಾಗ ಇರ್ಲಿ," ಎಂದರು ಮೇಡಂ.

ನನ್ನ ಪಕ್ಕದಲ್ಲಿ ನಿಂತಿದ್ದವಳು ಮುಂಡರಗಿ ತಾಲೂಕಿನ ಹೊಳೆದಂಡೆಯ ಹಳ್ಳಿಯವಳು. ಒಕ್ಕಲುತನದ ಮನೆ. ತಂದೆ ಇರಲಿಲ್ಲ, ಅಣ್ಣ ಓದಿಸುತ್ತಿದ್ದ. ಒಂದೇ ಕೋಣೆ ನಮಗೆ ಸಿಕ್ಕಿತು. ಅವಳ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ನರ್ಸಿಂಗಿಗೆ ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ಉಳಿದವರೆಲ್ಲ ಸೇವೆ ಗೀವೆ ಎನ್ನುತ್ತಿದ್ದೆವು, ಅವಳು ಮಾತ್ರ ಅಕ್ಕನ ಸಂಗತಿ ಹೇಳುತ್ತಿದ್ದಳು.

ಇಡೀ ಬ್ಯಾಚಿನಲ್ಲಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದವಳು ಅವಳೊಬ್ಬಳೇ. ನಾವು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆವು. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಅದನ್ನೂ ಎಷ್ಟೋ ಸಲ ಮಾಡುತ್ತಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಸಂಬಳದ ನರ್ಸು ಎಂದರೆ ಸಿಸ್ಟರ್ ಒಬ್ಬರೇ, ಉಳಿದದ್ದೆಲ್ಲ ನಮ್ಮ ತಲೆಗೆ. ಫೀ ಕಟ್ಟಿ ನಾವೇ ಆ ಆಸ್ಪತ್ರೆ ನಡೆಸುತ್ತಿದ್ದೆವು. ಅವಳು ನಿಧಾನವೆಂದು ಸಿಸ್ಟರ್ ದಿನಾ ಬೈಯುತ್ತಿದ್ದರು. "ಒಬ್ಬಾಕಿ ಕೈ ಹಿಡಕೊಂಡು ಕುಂತ್ರ ಉಳದ ಮಂದೀನ ಯಾರು ನೋಡ್ತಾರ, ನಿಮ್ಮಪ್ಪ ಬರ್ತಾನೇನು?" ತಂದೆ ಇಲ್ಲವೆಂದು ಅವರಿಗೆ ಗೊತ್ತಿತ್ತು.

ತಪಾಸಣೆಯವರು ಬರುತ್ತಾರೆಂದು ಸುದ್ದಿಯಿದ್ದ ದಿನ ನನ್ನದು ಬೆಳಗಿನ ಪಾಳಿ, ಅವಳದು ಮಧ್ಯಾಹ್ನದ್ದು. ಸಿಸ್ಟರ್ ಬಂದವರೇ ಹೊಸ ಚಾದರ ಹಾಸಿಸಿದರು, ಔಷಧದ ಕಪಾಟು ಒರೆಸಿಸಿದರು. ಆಮೇಲೆ ನನ್ನ ಕೈಗೆ ಚಾರ್ಟುಗಳನ್ನು ಕೊಟ್ಟರು.

"ಮಧ್ಯಾಹ್ನದ ತನಕದ್ದು ಎಲ್ಲಾ ಈಗ ಬರದು ಇಟ್ಟುಬಿಡು. ಅವರು ಯಾವಾಗ ಬರ್ತಾರೋ ಏನೋ. ಚಾರ್ಟಿನ್ಯಾಗ ಒಂದು ಮನಿನೂ ಖಾಲಿ ಕಾಣಬಾರದು ನೋಡು."

ನಾನು ಮೇಜಿನ ಮುಂದೆ ಕುಳಿತು ಬರೆದೆ. ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ. ನಾಡಿ ಎಂಬತ್ತು, ಎಪ್ಪತ್ತೆಂಟು, ಎಂಬತ್ತೆರಡು. ಒಂದೇ ಅಂಕಿ ಬರೆದರೆ ಸುಳ್ಳೆಂದು ಗೊತ್ತಾಗುತ್ತದೆಂದು ಸ್ವಲ್ಪ ಹೆಚ್ಚು ಕಡಿಮೆ ಮಾಡುವ ಜಾಣತನವೂ ನನಗೆ ಬಂದಿತ್ತು. ಮೂಲೆಯ ಮಂಚದಲ್ಲಿ ಬೆಳಗಿನ ಜಾವ ಹಡೆದ ಹೆಣ್ಣುಮಗಳಿದ್ದಳು, ಶಿರಹಟ್ಟಿ ಕಡೆಯ ಹಳ್ಳಿಯವಳು. ಆ ದಿನ ಒಮ್ಮೆಯೂ ಅವಳ ಕೈ ಮುಟ್ಟಲಿಲ್ಲ. ಹನ್ನೊಂದರ ಸುಮಾರಿಗೆ ಅವಳು "ಅಕ್ಕಾರ, ಕಣ್ಣಿಗೆ ಕತ್ತಲಿ ಬರಾಕತ್ತೇತ್ರಿ" ಎಂದಳು. "ಬಾಣಂತಿಗೆ ಹಂಗ ಆಗ್ತೈತಿ, ಮಲ್ಕೊ," ಎಂದು ನಾನು ಕಪಾಟಿನ ಬಾಟಲಿ ಜೋಡಿಸಲು ಹೋದೆ.

ಎರಡು ಗಂಟೆಗೆ ನನ್ನ ಕೋಣೆಯ ಗೆಳತಿ ಪಾಳಿಗೆ ಬಂದಳು. ಚಾರ್ಟು ಅವಳಿಗೆ ಒಪ್ಪಿಸಿ ನಾನು ಊಟಕ್ಕೆ ಹೋದೆ. ಮುಂದಿನದನ್ನು ಆ ಪಾಳಿಯಲ್ಲಿದ್ದವರು ಹೇಳಿದ್ದಾರೆ. ಅವಳು ಮೊದಲ ಮಂಚದಿಂದ ಶುರು ಮಾಡಲಿಲ್ಲ, ಮೂಲೆಯವಳ ಮುಖ ನೋಡಿ ನೇರ ಅಲ್ಲಿಗೇ ಹೋದಳು. ಕೈ ತಣ್ಣಗಿತ್ತು, ಹಣೆಯ ಮೇಲೆ ಬೆವರು. ನಾಡಿ ನೂರ ಮೂವತ್ತರ ಮೇಲೆ ಓಡುತ್ತಿತ್ತು. ಹೊದಿಕೆ ಎತ್ತಿದರೆ ಅಡಿಯ ಹೊಸ ಚಾದರ ಪೂರ್ತಿ ತೊಯ್ದಿತ್ತು. ಓಡಿಹೋಗಿ ಸಿಸ್ಟರ್‌ಗೆ ಹೇಳಿದಳು. ಅವರು ಚಾರ್ಟು ನೋಡಿ, "ಎರಡಕ್ಕ ಎಂಬತ್ತೆರಡು ಐತಲ್ಲ? ಈಗ ಎರಡು ಹೊಡದು ಹತ್ತು ನಿಮಿಷ. ನಿನಗ ಎಣಸಾಕ ಬರಂಗಿಲ್ಲ. ತಪಾಸಣೆಯವರು ಬರೂ ಹೊತ್ತಿನ್ಯಾಗ ಗದ್ದಲ ಮಾಡಬ್ಯಾಡ," ಎಂದರು.

ಅವಳು ವಾರ್ಡಿನ ಚಪ್ಪಲಿಯಲ್ಲೇ ಅಂಗಳ ದಾಟಿ, ಹೊರರೋಗಿಗಳ ಸಾಲು ಸೀಳಿಕೊಂಡು ಡಾಕ್ಟರ ಕೋಣೆಗೆ ನುಗ್ಗಿದಳು. "ಬರ್ರಿ ಸರ್, ಜಲ್ದಿ ಬರ್ರಿ, ಆಕಿ ಹೋಗ್ತಾಳ್ರಿ," ಎಂದಳಂತೆ. ಡಾಕ್ಟರು ಬಂದರು. ಕಸದ, ಅಂದರೆ ಮಾಸಿನ, ಒಂದು ಚೂರು ಗರ್ಭದೊಳಗೇ ಉಳಿದಿತ್ತು. ತೆಗೆದರು, ಗಂಡನದೂ ಮೈದುನನದೂ ರಕ್ತ ಕೊಡಿಸಿದರು. ಬಾಣಂತಿ ಬದುಕಿದಳು. ಆದರೆ ಡಾಕ್ಟರು ಸಿಸ್ಟರ್‌ಗೆ ಎಲ್ಲರೆದುರು, ರೋಗಿಗಳ ಮನೆಯವರ ಎದುರು, ನೀವೇನು ಇಲ್ಲಿ ಮಲಗಾಕ ಬರ್ತೀರೇನು ಎಂದು ಕೂಗಿದರು. ತಪಾಸಣೆಯವರು ಆ ದಿನ ಬರಲೇ ಇಲ್ಲ.

ಅವಳು ಇನ್ನೊಂದು ಕೆಲಸ ಮಾಡಿದ್ದಳು. ಎರಡು ಗಂಟೆಯ ಎಂಬತ್ತೆರಡರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ನೋಡದೆ ಬರೆದದ್ದು" ಎಂದು ಬರೆದು ತನ್ನ ಸಹಿ ಹಾಕಿದ್ದಳು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಸಿಸ್ಟರ್ ಒಂದು ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಸ್ಟೆಲ್ ವಾರ್ಡನ್ ಕೂಡ ಇದ್ದರು. ಬಾಣಂತಿಯ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಅಪ್ಪಣೆಯಿಲ್ಲದೆ ವಾರ್ಡು ಬಿಟ್ಟದ್ದು, ಡಾಕ್ಟರ ಬಳಿ ನೇರವಾಗಿ ಹೋದದ್ದು, ಹಿರಿಯರ ಮಾನ ಕಳೆದದ್ದು, ಆಸ್ಪತ್ರೆಯ ದಾಖಲೆ ಕೆಡಿಸಿದ್ದು ಎಂದು ಮೇಡಂ ಒಂದೊಂದಾಗಿ ಹೇಳಿದರು. ಕೊನೆಯದನ್ನು ಹೇಳಿ ನನ್ನ ಕಡೆ ತಿರುಗಿದರು.

"ಇದು ನಿನ್ನ ಅಕ್ಷರ ಹೌದಲ್ಲ? ನೀ ನಾಡಿ ನೋಡಿ ಬರದಿಯೋ, ನೋಡದ ಬರದಿಯೋ?"

ಸಿಸ್ಟರ್ ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅವರೇ ಬರೆಯಲು ಹೇಳಿದ್ದೆಂದು ನಾನು ಹೇಳಬಹುದಿತ್ತು. ಗೆಳತಿ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತ ನಿಂತಿದ್ದಳು. ನನಗೆ ಆಗ ಕಂಡದ್ದು ಬೆನ್ನಿಗೆ ಬೆನ್ನು ಕೊಟ್ಟು ಕೂತ ಅಬ್ಬಾ ಮತ್ತು ಚಾಚಾ.

"ನೋಡಿ ಬರದೀನ್ರಿ ಮೇಡಂ," ಎಂದೆ.

"ಎರಡಕ್ಕ ನೋಡಿದಾಗ ಎಂಬತ್ತೆರಡ ಇತ್ತು?"

"ಹೂನ್ರಿ."

ಅಷ್ಟಕ್ಕೇ ಎಲ್ಲವೂ ಸರಿಹೋಯಿತು. ರಕ್ತಸ್ರಾವ ಇದ್ದಕ್ಕಿದ್ದಂತೆ ಆಯಿತು ಎಂದಾಯಿತು. ಸಿಸ್ಟರ್ ತಪ್ಪಿಲ್ಲ, ನನ್ನ ತಪ್ಪಿಲ್ಲ, ಶಾಲೆಯ ತಪ್ಪಿಲ್ಲ. ಉಳಿದದ್ದು ಅವಳ ಕೆಂಪು ಶಾಯಿ ಮಾತ್ರ. ಕ್ಷಮಾಪಣೆ ಬರೆದುಕೊಡು ಎಂದರು. ಚಾರ್ಟಿನಲ್ಲಿ ಬರೆದದ್ದು ಸುಳ್ಳು, ಹಿರಿಯರ ಮೇಲಿನ ಸಿಟ್ಟಿಗೆ ಬರೆದೆ ಎಂದು ಒಪ್ಪಿಕೊಳ್ಳಬೇಕಿತ್ತು. ಮೂರು ದಿನ ಟೈಮು ಕೊಟ್ಟರು. ಆ ಮೂರು ದಿನ ಅವಳನ್ನು ವಾರ್ಡಿಗೆ ಬಿಡಲಿಲ್ಲ, ಹಾಜರಿಯೂ ಕಡಿತವಾಯಿತು. ಕೋಣೆಯಲ್ಲಿ ನಾವಿಬ್ಬರೂ ಎದುರುಬದುರು ಮಂಚದಲ್ಲಿ ಕೂತಿರುತ್ತಿದ್ದೆವು. ಎರಡನೇ ದಿನ ನಾನೇ ಬಾಯಿ ಬಿಟ್ಟೆ.

"ಬರದು ಕೊಟ್ಟುಬಿಡಲೇ. ಒಂದು ಕಾಗದ. ಯಾರು ಓದ್ತಾರ ಅದನ್ನ?"

"ನಾ ಓದ್ತೀನಲ್ಲ," ಎಂದಳು.

ಅವಳು ಬರೆದುಕೊಡಲಿಲ್ಲ; ನಾಲ್ಕನೇ ದಿನ ಅವಳನ್ನು ಮನೆಗೆ ಕರೆದೊಯ್ಯಲು ಅಣ್ಣ ಬಂದ. ಆಫೀಸಿನ ಎದುರು ಟವಲು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ತಂಗಿ ಏನು ಕೆಟ್ಟ ಕೆಲಸ ಮಾಡಿದ್ದಾಳೆಂದು ಕೇಳಲೂ ಅವನಿಗೆ ನಾಚಿಕೆ. ನಡತೆ ಸರಿಯಿಲ್ಲ ಎಂದು ಮಾತ್ರ ಹೇಳಿದರು. ಹಳ್ಳಿಯಲ್ಲಿ ಆ ಮಾತಿಗೆ ಇರುವ ಅರ್ಥ ಒಂದೇ. ಅವನ ಮುಖ ಬಣ್ಣಗೆಟ್ಟದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಇಳಿದು ಹೋಗಿ, ಹಾಗಲ್ಲಣ್ಣ, ನಿಮ್ಮ ತಂಗಿ ಒಂದು ಜೀವ ಉಳಿಸಿದಳು ಎಂದು ಹೇಳಬಹುದಿತ್ತು. ಪಾಳಿಗೆ ತಡವಾಗುತ್ತದೆಂದು ಹೋದೆ. ಅವಳ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡನ್ನು ಅವರು ಕೊಡಲಿಲ್ಲ. ಕ್ಷಮಾಪಣೆ ಕೊಟ್ಟು ಒಯ್ಯಿ ಎಂದರಂತೆ.

ಕೋರ್ಸು ಮುಗಿದಾಗ ಆದರ್ಶ ವಿದ್ಯಾರ್ಥಿನಿ ಎಂಬ ಪ್ರಶಸ್ತಿಪತ್ರ ನನಗೆ ಬಂತು. ಕೊಟ್ಟವರು ಅದೇ ಸಿಸ್ಟರ್. ಅಬ್ಬಾ ಅದಕ್ಕೆ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು, ಚಾಚಾನ ಮಷೀನಿನ ಎದುರಿಗೇ. ಚಾಚಾ ಮಾತಾಡತೊಡಗಿದರು. ನನ್ನ ಮನೆಗೆ ನೆಮ್ಮದಿ ಬಂದದ್ದು ಹೀಗೆ.

ಕೆಲವು ವರ್ಷಗಳ ನಂತರ ಸರಕಾರಿ ಕೆಲಸ ಸಿಕ್ಕು ಮುಂಡರಗಿ ತಾಲೂಕಿನ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಲಸಿಕೆಗೆ ಹೋದ ಹಳ್ಳಿಯಲ್ಲಿ ಗೆಳತಿಯ ಅತ್ತಿಗೆ ಸಿಕ್ಕಳು. ನಡತೆಯ ಮಾತು ಊರಿಗೆ ಹಬ್ಬಿ, ಬಂದ ಒಳ್ಳೆಯ ಸಂಬಂಧಗಳೆಲ್ಲ ತಪ್ಪಿ, ಕೊನೆಗೆ ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟಿದ್ದರು. ಅಂಗನವಾಡಿಗೆ ಅರ್ಜಿ ಹಾಕಬೇಕೆಂದರೆ ಮಾರ್ಕ್ಸ್ ಕಾರ್ಡ್ ಇಲ್ಲ. ಅಣ್ಣ ಎರಡು ಸಲ ಗದಗಿಗೆ ಹೋಗಿ ಬರಿಗೈಲಿ ಬಂದಿದ್ದ.

ಮುಂದಿನ ವಾರ ನಾನು ಆ ಶಾಲೆಗೆ ಹೋದೆ. ಹಳೆಯ ಮೇಡಂ ಇರಲಿಲ್ಲ. ಗುಮಾಸ್ತ ನನ್ನ ಗುರುತು ಹಿಡಿದು ಚಹಾ ತರಿಸಿದ. ಕಪಾಟಿನಿಂದ ಒಂದು ಲಕೋಟೆ ತೆಗೆದು, ಧೂಳು ಕೊಡವಿ, ಒಂದು ಸಹಿ ತೆಗೆದುಕೊಂಡು ಕೊಟ್ಟುಬಿಟ್ಟ. ಚಹಾ ಇನ್ನೂ ಬಿಸಿಯಿತ್ತು. ಇಷ್ಟೇ ಕೆಲಸ. ಇಷ್ಟು ವರ್ಷ ನಾನು ಮಾಡದೆ ಉಳಿದದ್ದು ಇಷ್ಟೇ.

ಅದನ್ನು ಹಿಡಿದು ಅವಳ ಗಂಡನ ಊರಿಗೆ ಹೋದೆ. ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಎದ್ದು ಚಾಪೆ ಹಾಸಿ "ಕುಂಡ್ರಿ" ಎಂದಳು. ಲೇ ಎನ್ನುತ್ತಿದ್ದವಳು ರೀ ಎಂದಳು. ಲಕೋಟೆ ತೆಗೆದು ನೋಡಿದಳು, ತನ್ನ ಹೆಸರು ಓದಿಕೊಂಡಳು.

"ಅಂಗನವಾಡಿಗೆ ಬ್ಯಾರೇದಾಕಿನ್ನ ತಗೊಂಡು ಎರಡು ವರ್ಷ ಆತು," ಎಂದಳು.

ಇಷ್ಟು ದೂರ ಬಂದ ಮೇಲೆ ಹೇಳದೆ ಹೋಗಬಾರದೆಂದು ಹೇಳಿದೆ. "ಅವತ್ತ ನಾ ನಾಡಿ ನೋಡಿದ್ದಿಲ್ಲ."

"ಗೊತ್ತಿತ್ತು. ಮುಂಜಾನಿಂದ ನೀವು ಕೈ ಮುಟ್ಟಿಲ್ಲಂತ ಆ ಬಾಣಂತಿನ ಹೇಳಿದ್ಲು."

"ಮತ್ತ ಮೇಡಂ ಮುಂದ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ಆ ಕ್ವಾಣ್ಯಾಗ ನಿಂತಾಗನೂ ಅಂದ್ಕೊಂಡಿದ್ದೆ. ನಮ್ಮಣ್ಣ ಬಂದು ಬಸ್ ಹತ್ತೂತನಕ ಅಂದ್ಕೊಂಡಿದ್ದೆ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಿನ್ನ ಅಣ್ಣನಿಗೆ, ಅತ್ತೆ ಮನೆಯವರಿಗೆ ನಾನೇ ಎಲ್ಲ ತಿಳಿಸಿ ಹೇಳುತ್ತೇನೆ ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಎಲ್ಲರೂ ಮರೆತಿದ್ದಾರೆ, ಈಗ ಯಾರಾದರೂ ಬಂದು ಆ ವಿಷಯ ತೆಗೆದರೆ ಮತ್ತೆ ನೆನಪಾಗುತ್ತದೆ, ಅಷ್ಟೇ ಎಂದಳು. ಚಹಾ ಮಾಡಲು ಏಳಲಿಲ್ಲ. ಮತ್ತೆ ಶೇಂಗಾ ಬಿಡಿಸತೊಡಗಿದಳು. ಆಮೇಲೆ ಅವಳು, ಮೂರೂವರೆಯ ಬಸ್ಸು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲ ಎಂದು ನೆನಪು ಮಾಡಿದಳು. ನಾನು ಎದ್ದೆ.

ಅದಾಗಿ ಅವಳ ಊರಿನ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಇಳಿದಿಲ್ಲ.