ಸಹಿ ಮಾಡದ ಕಾಕಾ

ಮೊನ್ನೆ ಬೆಟಗೇರಿಯಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ವಾಸನೆ ಬಂದದ್ದೇ ತಡ, ಕಾಕಾ ನೆನಪಾದರು...

ಓಣಿಗೆಲ್ಲ ಅವರು ಕಾಕಾ. ವಾಯುಪಡೆಯಲ್ಲಿ ದುಡಿದು ಬಂದು ಇಲ್ಲೇ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು. ವೈರಿಯ ರಡಾರಿನ ಕಣ್ಣಿಗೆ ಮಣ್ಣೆರಚುವ ವಿಮಾನಗಳಿರುತ್ತವಂತೆ, ಅವುಗಳ ಒಳಗಿನ ಯಂತ್ರ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಅದಕ್ಕಿಂತ ಹೆಚ್ಚು ಕೆದಕಿದರೆ ಚಹಾ ತರಿಸಿ ಮಾತು ತಿರುಗಿಸುತ್ತಿದ್ದರು.

ರಿಪೇರಿಯವರು ಅಂದಮೇಲೆ ಕೆಟ್ಟದ್ದನ್ನು ಸರಿಮಾಡಬೇಕಲ್ಲ? ಈ ಪುಣ್ಯಾತ್ಮರು ಬಂದ ಸಾಮಾನಿನಲ್ಲಿ ಅರ್ಧ ವಾಪಸು ಕಳಿಸುತ್ತಿದ್ದರು. ನಾನಾಗ ಮುಳಗುಂದದ ಶಾಲೆಯಲ್ಲಿ ಶಿಕ್ಷಕಿ. ಮರುದಿನ ಗ್ಯಾದರಿಂಗು, ಅಂದರೆ ಶಾಲೆಯ ವಾರ್ಷಿಕೋತ್ಸವ. ಅಲ್ಲಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಆಂಪ್ಲಿಫೈಯರನ್ನು ಬಿಚ್ಚಿ ನೋಡಿ, ಆಗೋದಿಲ್ಲ ಅಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು.

"ಒಂದ ದಿನ ನಡದರ ಸಾಕ್ರಿ ಕಾಕಾ. ಮುಂದಿನ ವರ್ಷ ಹೊಸಾದು ತರತೇವಿ."

ಅವರು ಒಳಗಿನ ತಂತಿಯೊಂದನ್ನು ಬೆರಳಲ್ಲಿ ತಿಕ್ಕಿದರು. ಮೇಲಿನ ರಬ್ಬರು ಪುಡಿಪುಡಿಯಾಗಿ ಉದುರಿತು.

"ಅಕ್ಕೋರ, ಮೈಕ್ ಹಿಡಿಯೋರು ಮಕ್ಕಳು."

ಆಮೇಲೆ ಏನನ್ನಿಸಿತೋ, ತಾವಾಗಿಯೇ ತಮ್ಮ ವಿಮಾನದ ಮಾತು ತೆಗೆದರು. ಅದಕ್ಕೂ ವಯಸ್ಸಾಗಿತ್ತಂತೆ. ಬಿಡಿಭಾಗ ಮಾಡುವವರು ಎಂದೋ ಕೈಬಿಟ್ಟಿದ್ದರು. ಹೊಸದು ಬರುವತನಕ ಇನ್ನೊಂದು ವರ್ಷ ಹಾರೀತೇ ಎಂದು ಸಾಹೇಬರು ಇವರನ್ನೇ ಕೇಳಿದರು. ಹೌದು ಎಂದು ಸಹಿ ಮಾಡಿದ್ದರೆ ಇವರ ಕೆಲಸವೂ ಉಳಿಯುತ್ತಿತ್ತು. ಆ ವಿಮಾನ ಬಿಟ್ಟರೆ ಇವರಿಗೆ ಬೇರೆ ವಿಮಾನದ ವಿದ್ಯೆ ಬರುತ್ತಿರಲಿಲ್ಲ. ಆದರೆ ಅದರ ತಂತಿಗಳೂ ಮುಟ್ಟಿದರೆ ಹೀಗೇ ಪುಡಿಯಾಗುತ್ತಿದ್ದವು. ಇವರು ಸಹಿ ಮಾಡಲಿಲ್ಲ. ವಿಮಾನ ನಿಂತಿತು. ಇವರನ್ನು ಕಚೇರಿಯ ಕಾಗದದ ಕೆಲಸಕ್ಕೆ ಕೂಡಿಸಿದರು.

"ಕೆಟ್ಟ ಅನಸಲಿಲ್ಲೇನ್ರಿ?" ಅಂತ ಕೇಳಿದೆ.

"ಅನಸದ ಇರತೈತೇನ್ರಿ? ಮಗಳಂಗ ಜ್ವಾಪಾನ ಮಾಡಿದ್ದೆ. ಅವತ್ತ ಅತ್ತಬಿಟ್ಟೆ. ಆದ್ರ ಅದರೊಳಗ ಎಂಟ ಮಂದಿ ಕುಂಡ್ರತಿದ್ದರ್ರಿ."

ನಾನು ಆಂಪ್ಲಿಫೈಯರ್ ಎತ್ತಿಕೊಂಡು ಬಸ್ಸು ಹತ್ತಿದೆ. ಮರುದಿನ ನಮ್ಮ ಮಕ್ಕಳು ಮೈಕಿಲ್ಲದೆ ಗಂಟಲು ಹರಿಯುವಂತೆ ಹಾಡಿದರು. ಹೆಡ್ ಮಾಸ್ತರರು ವಾರವಿಡೀ ನನ್ನ ಮೇಲೆ ಗುರುಗುಟ್ಟಿದರು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡು ಇನ್ನೊಬ್ಬರನ್ನು ಕಾಯುವ ಮತ್ತೊಬ್ಬ ಮನುಷ್ಯನನ್ನು ನಾನು ಆಮೇಲೆ ನೋಡಲಿಲ್ಲ...

ಈ ವಾರ ಪೇಪರಿನಲ್ಲಿ ಸುದ್ದಿ ಬಂದಿದೆ. ರಡಾರಿನ ಕಣ್ಣು ಕಟ್ಟುವ ಹಳೆಯ ವಿಮಾನಗಳ ಜಾಗಕ್ಕೆ ಹೊಸವು ಬರುತ್ತಿವೆಯಂತೆ. ಜೊತೆಗೊಂದು ಫೋಟೋ: ಹಾರಾಟ ನಿಲ್ಲಿಸಿ ಬಹಳ ಕಾಲವಾದ ಒಂದು ವಿಮಾನದ ಮುಂದೆ, ಒಂದಾನೊಂದು ಕಾಲಕ್ಕೆ ಅದರಲ್ಲಿ ಹಾರಿದವರು ಸಾಲಾಗಿ ನಿಂತಿದ್ದಾರೆ. ಅದು ಕಾಕಾ ಅವರದೇ ವಿಮಾನ ಹೌದೋ ಅಲ್ಲವೋ, ಹೇಳಬೇಕಾದವರು ತೀರಿಹೋಗಿ ಮೂರು ವರ್ಷವಾಯಿತು. ಎಲ್ಲರ ತಲೆಯೂ ಬೆಳ್ಳಗಾಗಿದೆ. ಒಬ್ಬರ ತೋಳಿನಲ್ಲಿ ಮೊಮ್ಮಗಳಿದ್ದಾಳೆ.

ಕಾಕಾ ಇದನ್ನೊಂದು ನೋಡಬೇಕಿತ್ತು.