ನೆಲದಡಿಯ ದೇವರಿಗೆ ಅತ್ತೆ ಮಾಡಿದ ಎತ್ತು

ಮಾರ್ಗನ್ ಹಿಲ್‌ನ ನಮ್ಮ ಮನೆಗೆ ಬಂದು ತಿಂಗಳು ತುಂಬುವ ಮೊದಲೇ ಅತ್ತೆಗೆ ಬೇಸರ ಹತ್ತಿತ್ತು. ಧಾರವಾಡದ ಕಡೆಯ ಹಳ್ಳಿಯಲ್ಲಿ ದಿನವಿಡೀ ಕೆಲಸ, ಮಾತು ಎರಡೂ ಇದ್ದವರು. ಈ ಪರದೇಶದಲ್ಲಿ ನಾನೂ ಗಂಡನೂ ಆಫೀಸಿಗೆ ಹೋದರೆ ಮನೆ ಖಾಲಿ. ಆರನೇ ಕ್ಲಾಸಿನ ಮೊಮ್ಮಗಳು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. "ಟಿಕೆಟ್ ಬದಲಿ ಮಾಡ್ಸಪಾ, ಲಗೂನ ಊರಿಗೆ ಹೋಗ್ತೀನಿ," ಎಂದು ಮಗನ ಬೆನ್ನು ಹತ್ತಿದ್ದರು. ಅವರು ಇರಲಿ ಎಂಬ ಆಸೆ ನನಗೇ ಹೆಚ್ಚು. ಅದರಲ್ಲಿ ಅವರ ರೊಟ್ಟಿಯ ಆಸೆಯೂ ಸೇರಿತ್ತು, ಸುಳ್ಳೇಕೆ ಹೇಳಲಿ.

ಆಗ ಮಗಳಿಗೆ ಸ್ಕೂಲಿನ ಪ್ರಾಜೆಕ್ಟು ಬಂತು: ಹಳೇ ರೋಮಿನಲ್ಲಿ ಮಿಥ್ರಾಸ್ ಎಂಬ ದೇವರ ಭಕ್ತರು ನೆಲದಡಿ ಕಟ್ಟಿಕೊಂಡಿದ್ದ ಗುಡಿಯ ಮಾಡೆಲ್ಲು. ಶೂ ಡಬ್ಬಿಯೇ ಗುಡಿ. ಎರಡೂ ಪಕ್ಕ ಜಗಲಿ; ಭಕ್ತರು ಅಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರಂತೆ, ಒಳಗಿನ ಗುಟ್ಟನ್ನು ಹೊರಗೆ ಹೇಳುವಂತಿರಲಿಲ್ಲವಂತೆ. ಅತ್ತೆ ಅದನ್ನು ನಂಬಲಿಲ್ಲ. "ಪಂಕ್ತಿಗೆ ಕುಂತವರು ಮಾತಾಡದ ಇರ್ತಾರೇನು?"

ಗುಡಿಯ ಒಳತುದಿಗೆ ದೇವರು ಮತ್ತು ಒಂದು ಗೂಳಿ ಬೇಕಿತ್ತು. ಅಂಗಡಿಯ ಕ್ಲೇಯಲ್ಲಿ ಮಗಳು ಮಾಡಿದ ದೇವರು ಪರವಾಗಿರಲಿಲ್ಲ, ಗೂಳಿ ಮಾತ್ರ ಹಂದಿಯಂತಿತ್ತು. ಅತ್ತೆ ಹಿತ್ತಲಿನಿಂದ ಕಪ್ಪು ಜಿಗುಟು ಮಣ್ಣು ತಂದು, "ಇದು ನಮ್ಮ ಎರಿ ಮಣ್ಣ ಐತಿ," ಎಂದು ಹಿಗ್ಗಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ವರ್ಷವರ್ಷವೂ ಎತ್ತು ಮಾಡಿ ಪೂಜಿಸಿದ ಕೈ. ಗ್ಯಾರೇಜಿನಲ್ಲಿ ಕೂತು ಕೊಂಬು, ಬೆನ್ನಿನ ಡುಬ್ಬ, ಕೊರಳಡಿಯ ಗಂಗೆದೊಗಲು ಎಲ್ಲ ಮೂಡಿಸಿದರು. ಮಗಳು ಪಕ್ಕದಿಂದ ಕದಲಲಿಲ್ಲ.

ಆಮೇಲೆ ಅವಳು ಟ್ಯಾಬಿನಲ್ಲಿ ಆ ಗುಡಿಯ ದೇವರ ಚಿತ್ರ ತೋರಿಸಿದಳು. ದೇವರು ಗೂಳಿಯ ಕುತ್ತಿಗೆಗೆ ಚಾಕು ಹಾಕುತ್ತಿದ್ದಾನೆ. ಅತ್ತೆ ತಮ್ಮ ಎತ್ತನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಪೂಜಿ ಮಾಡೂ ಎತ್ತಿಗೆ ಚಾಕು ಹಾಕಸಾಂಗಿಲ್ಲ ನಾ."

ಪ್ರಾಜೆಕ್ಟು ಮಾರನೆಯ ದಿನವೇ ಕೊಡಬೇಕಿತ್ತು. ಇಬ್ಬರ ಸ್ನೇಹ ಇಲ್ಲಿಗೆ ಮುಗಿಯಿತು, ಇನ್ನು ಅತ್ತೆಯನ್ನು ತಡೆಯಲಾಗದು ಎಂದುಕೊಂಡೆ.

ಮಗಳು ಚಿತ್ರವನ್ನು ದೊಡ್ಡದು ಮಾಡಿ, ಬಂದಷ್ಟು ಕನ್ನಡದಲ್ಲೇ ಹೇಳಿದಳು. "ಅಜ್ಜಿ, ಫೇಸ್ ನೋಡು. ಅವ್ನು ಆ ಕಡೆ ನೋಡ್ತಿದಾನೆ. ಬಾಲಾನೂ ನೋಡು."

ನಿಜ, ದೇವರು ಮುಖ ತಿರುಗಿಸಿದ್ದ. ಗೂಳಿಯ ಬಾಲದ ತುದಿಯಲ್ಲಿ ಗೋಧಿಯ ತೆನೆ ಮೂಡಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು.

"ಅವಗೂ ಮನಸಿಲ್ಲ, ಪಾಪ. ಎತ್ತಿನಿಂದನ ಬೆಳಿ ಅನ್ನೂದು ಅವರಿಗೂ ತಿಳದಿತ್ತು."

ಎತ್ತಿಗೆ ಕುಂಕುಮ ಹಚ್ಚಿ, ಮೊಮ್ಮಗಳಿಂದ ಕೈಮುಗಿಸಿ, ಬಾಲಕ್ಕೆ ತೆನೆಯನ್ನೂ ದೇವರ ಕೈಗೆ ಚಾಕುವನ್ನೂ ತಾವೇ ಮಾಡಿಕೊಟ್ಟರು. ನನಗೆ ಹೇಳಲಾರದಷ್ಟು ಸಮಾಧಾನವಾಯಿತು.

ಸಂಜೆ ಗಂಡ ಲ್ಯಾಪ್‌ಟಾಪ್ ತೆರೆದು, "ಅವ್ವಾ, ಟಿಕೆಟ್ ಯಾವ ತಾರೀಕಿಗೆ ಮಾಡ್ಸಲಿ?" ಎಂದು ಕೇಳಿದರು.

ಅತ್ತೆ ಉಗುರಿನ ಮಣ್ಣು ತೆಗೆಯುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಮತ್ತೊಂದು ಮುದ್ದೆ ಮಣ್ಣು ಕಲಸುತ್ತಿದ್ದಳು.

"ಒಂಟಿ ಎತ್ತು ಮಾಡಿ ಬಿಡಬಾರದಪಾ," ಎಂದರು ಅತ್ತೆ. "ಜೋಡಿ ಆಗಬೇಕು. ಇಕಿಗೆ ಇನ್ನೂ ಕೊಂಬು ಮಾಡಾಕ ಬರೂದಿಲ್ಲ. ಟಿಕೆಟ್ ಇದ್ದಂಗ ಇರಲಿ."